ಹುಳಿವಸ್ತುವಿನ ಉಪನ್ಯಾಸ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿದ ದೊರೆಸ್ವಾಮಿಯವರ ಮಾತನ್ನು ಯಾರೂ ಇಷ್ಟಪಟ್ಟು ಕೇಳಿರಲಿಲ್ಲ. ಮಕ್ಕಳು ಕೇಳಿದ್ದು ಹಾಜರಿಗಾಗಿ. ನಿವೃತ್ತರಾದ ಮೇಲೆ ಜರ್ಮನ್ ಕಲಿತು, ಆ ಭಾಷೆಯ ರಾಸಾಯನಿಕ ಪದಗಳು ಹುಟ್ಟಿದ್ದು ಹೇಗೆಂದು ಕೆದಕುತ್ತ ಆರು ವರ್ಷ ಕಳೆದಿದ್ದರು. ಇವತ್ತು ಸಂಜೆ ಐದಕ್ಕೆ ಚಾಮರಾಜಪೇಟೆಯ ಹಿರಿಯರ ಸಂಘದಲ್ಲಿ ಅದರ ಬಗ್ಗೆ ಅವರ ಉಪನ್ಯಾಸ. ಜನ ತಾವಾಗಿ ಬಂದು ಒಮ್ಮೆಯಾದರೂ ತಮ್ಮ ಮಾತು ಕೇಳಲಿ ಎನ್ನುವುದಷ್ಟೇ ಅವರ ಆಸೆ.

ಬೆಳಗ್ಗೆ ಏಳಕ್ಕೇ ಸಂಘದ ಕಾರ್ಯದರ್ಶಿ ರಂಗನಾಯಕಿ ಬಂದರು. "ಸಾರ್, ಸ್ವಾಗತ ಭಾಷಣ ನಂದು. ವಿಷಯ ಏನೂಂತ ಒಂಚೂರು ಹೇಳ್ಬಿಡಿ."

"ಆಕ್ಸಿಜನ್‌ಗೆ ಜರ್ಮನ್ನರು ಸೌವರ್‌ಷ್ಟೊಫ್ ಅಂತಾರಮ್ಮ. ಅಂದ್ರೆ ಹುಳಿವಸ್ತು. ನಮ್ಮ ಆಮ್ಲಜನಕ ಇದೆಯಲ್ಲ, ಅದೇ ಲೆಕ್ಕ."

ರಂಗನಾಯಕಿ ಒಂದಕ್ಷರ ಬಿಡದೆ ಬರೆದುಕೊಂಡು, ಕಾಫಿ ಕುಡಿದು ಹೋದರು.

ಹತ್ತಕ್ಕೆ ಎದುರುಮನೆಯ ರಾಮಾಂಜಿನಪ್ಪ ಹಾಜರು. ಉಪನ್ಯಾಸಕರನ್ನು ಪರಿಚಯಿಸುವ ಕೆಲಸ ಅವರದು. "ನಿಮ್ ಬಗ್ಗೆ ಹೇಳೋಕೆ ಏನಿದೆ ಸಾರ್? ವಿಷಯಾನೇ ಕೊಡಿ."

ದೊರೆಸ್ವಾಮಿ ನಿಟ್ಟುಸಿರುಬಿಟ್ಟು ನೈಟ್ರೋಜನ್ ಕೊಟ್ಟರು. ಷ್ಟಿಕ್‌ಷ್ಟೊಫ್, ಉಸಿರುಗಟ್ಟಿಸುವ ವಸ್ತು.

ಸಂಜೆ ಸ್ವಾಗತಕ್ಕೆ ಇಪ್ಪತ್ತೈದು ನಿಮಿಷ ಹಿಡಿಯಿತು. ರಾಮಾಂಜಿನಪ್ಪನವರು ಉಸಿರುಗಟ್ಟುವುದನ್ನು ಅಭಿನಯಿಸಿಯೇ ತೋರಿಸಿದರು, ಅದಕ್ಕೆ ಅರ್ಧ ಗಂಟೆ. ಅಧ್ಯಕ್ಷ ಶಿವಲಿಂಗಯ್ಯನವರಿಗೆ ಬೇಗ ಹೊರಡಬೇಕಿತ್ತಂತೆ, ಹಾಗಾಗಿ ಅಧ್ಯಕ್ಷ ಭಾಷಣ ಮುಂಚೆಯೇ ಬಂತು. ಎದ್ದೇಳುವ ಮುನ್ನ ಅವರು ದೊರೆಸ್ವಾಮಿಯವರತ್ತ ಬಾಗಿ, "ಇನ್ನೇನು ಉಳಿದಿದೆ ಸ್ವಾಮಿ?" ಎಂದು ಪಿಸುಗುಟ್ಟಿದರು.

"ಒಂದೇ ಒಂದು. ಆ ಹುಳಿವಸ್ತು ಅನ್ನೋ ಹೆಸರೇ ತಪ್ಪು. ಆಸಿಡ್ಡಿನ ಹುಳಿಗೆ ಆಕ್ಸಿಜನ್ನೇ ಕಾರಣ ಅಂದ್ಕೊಂಡಿದ್ರು, ಆದ್ರೆ ಆಕ್ಸಿಜನ್ ಇಲ್ಲದ ಆಸಿಡ್ಡುಗಳೂ ಇವೆ. ತಪ್ಪು ಗೊತ್ತಾದ್ಮೇಲೂ ಹೆಸರು ಹಾಗೇ ಉಳ್ಕೊಂಡ್ತು. ಅದನ್ನ ಕೊನೇಗೆ ಹೇಳೋಣ ಅಂತ ಇಟ್ಕೊಂಡಿದೀನಿ."

"ಚೆನ್ನಾಗಿದೆ," ಎಂದು ಶಿವಲಿಂಗಯ್ಯ ಎದ್ದು, ಅದನ್ನೂ ಮೈಕಿನಲ್ಲಿ ಹೇಳಿಬಿಟ್ಟರು.

ದೊರೆಸ್ವಾಮಿಯವರ ಸರದಿ ಬರುವಷ್ಟರಲ್ಲಿ ಮುಂದಿನ ಕಾರ್ಯಕ್ರಮವಾದ ನಾಮಕರಣದವರು ಅಡುಗೆ ಪಾತ್ರೆಗಳೊಂದಿಗೆ ಬಾಗಿಲಲ್ಲಿ ನಿಂತಿದ್ದರು. ಅವರಿಗೆ ಸಭಾಂಗಣ ಬಿಟ್ಟುಕೊಡಬೇಕಿತ್ತು. ದೊರೆಸ್ವಾಮಿಯವರಿಗೆ ಅಳು ಬರುವಷ್ಟು ಸುಸ್ತಾಗಿತ್ತು. "ಹೇಳೋದನ್ನೆಲ್ಲ ಎಲ್ಲರೂ ಹೇಳಿದ್ದಾರೆ. ನಮಸ್ಕಾರ," ಎಂದು ಕೂತರು.

ಸಭೆಗೆ ಸಭೆಯೇ ಎದ್ದು ಚಪ್ಪಾಳೆ ತಟ್ಟಿತು. "ಎಂಥಾ ವಿಷಯ ಸಾರ್! ಬರೋ ತಿಂಗಳು ಇದಕ್ಕೇ ಪೂರ್ತಿ ಒಂದು ಗಂಟೆ ಇಡ್ತೀವಿ," ಎಂದು ರಾಮಾಂಜಿನಪ್ಪ ಕೈ ಹಿಡಿದರು. ದೊರೆಸ್ವಾಮಿಯವರ ಕಣ್ಣು ತುಂಬಿ ಬಂತು.

"ಉಪನ್ಯಾಸ ರಂಗನಾಯಕಿಯೋರು ಕೊಡ್ತಾರೆ," ಎಂದು ರಾಮಾಂಜಿನಪ್ಪ ಮುಂದುವರಿಸಿದರು. "ಸ್ವಾಗತ ನಿಮ್ದು ಸಾರ್, ಚುಟುಕಾಗಿ ಮುಗಿಸೋರು ಇಲ್ಲಿ ನೀವೊಬ್ರೇ."