ದಾರದಣ್ಣನ ಕನ್ನಡಕ

ಎಲ್ಲದಕ್ಕೂ ಕಾರಣ ಹರಿದುಹೋದ ಒಂದು ದಾರ.

ಸಂಶೋಧನಾ ರಿಯಾಕ್ಟರಿನ ಕೊಳದ ಹತ್ತಿರ ಹೋಗುವವರು ಪೆನ್ನು, ಕನ್ನಡಕ ಎಲ್ಲವನ್ನೂ ದಾರದಿಂದ ಮೈಗೆ ಕಟ್ಟಿಕೊಳ್ಳಬೇಕು. ಏನಾದರೂ ಬಿದ್ದರೆ ಕೊಳದ ತಳದಲ್ಲಿರುವ ಇಂಧನದ ಕಡ್ಡಿಗಳ ನಡುವೆ ಸಿಕ್ಕಿಕೊಂಡು ನೀರು ಹರಿಯುವ ದಾರಿಯನ್ನೇ ಮುಚ್ಚೀತು. ಎಲ್ಲರಿಗೂ ದಾರ ಕಟ್ಟಿಸಿ ಕಟ್ಟಿಸಿ ಸುರಕ್ಷತಾ ಅಧಿಕಾರಿಗೆ ದಾರದಣ್ಣ ಎಂಬ ಹೆಸರೇ ಬಿದ್ದಿತ್ತು. ರಿಯಾಕ್ಟರಿನ ಶಕ್ತಿ ಒಂದು ಇಸ್ತ್ರಿಪೆಟ್ಟಿಗೆಯಷ್ಟು. ದಾರದಣ್ಣನ ಗತ್ತು ಮಾತ್ರ ಇಡೀ ಊರಿಗೆ ಕರೆಂಟು ಕೊಡುವವನದು.

ಆ ದಿನ ತಪಾಸಣೆ. ಮುಖ್ಯಸ್ಥನ ಹುದ್ದೆ ಖಾಲಿಯಿತ್ತು. ತಪಾಸಣಾಧಿಕಾರಿ ಹೂಂ ಅಂದರೆ ಅದು ದಾರದಣ್ಣನದು. ಬೆಳಿಗ್ಗೆಯೇ ಅವನ ಕನ್ನಡಕದ ದಾರ ಹರಿಯಿತು. ಒಂದು ನಿಮಿಷದ ಕೆಲಸ ತಾನೇ ಎಂದು ಹಾಗೆಯೇ ಕೊಳಕ್ಕೆ ಬಗ್ಗಿದ. ಕನ್ನಡಕ ಬುಳುಕ್ಕೆಂದು ಮುಳುಗಿತು.

"ಅಣ್ಣಾ, ಹೇಳ್ಬಿಡಿ. ತಪಾಸಣೆಗೆ ಅಂತ ರಿಯಾಕ್ಟರ್ ಹೆಂಗೂ ನಿಲ್ಸಿದೀವಿ," ಎಂದಳು ಆಪರೇಟರ್.

"ಸುಮ್ನಿರು ತಾಯಿ. ಅವ್ರು ಹೋದ್ಮೇಲೆ ತೆಗೆಯೋಣ."

"ನಂದು ಹಾಕ್ಕೊಳ್ಳಿ," ಎಂದು ಸ್ಟೋರ್‌ಕೀಪರ್ ತನ್ನ ಕನ್ನಡಕವನ್ನೇ ಅವನ ಮೂಗಿಗೇರಿಸಿದ. ಅದರೊಳಗಿಂದ ನೋಡಿದರೆ ನೆಲ ಎದೆಮಟ್ಟಕ್ಕೆ ಎದ್ದಿತು. ದಾರದಣ್ಣ ಮೂಲೆಯ ಬೆಂಕಿ ಆರಿಸುವ ಸಿಲಿಂಡರಿಗೆ ಕೈಮುಗಿದು, "ಬನ್ನಿ ಸಾರ್," ಎಂದ.

ತಪಾಸಣಾಧಿಕಾರಿ ಆಗಲೇ ಬೆನ್ನ ಹಿಂದೆ ನಿಂತಿದ್ದರು. ಅವರ ಕನ್ನಡಕಕ್ಕೆ ಒಂದಲ್ಲ, ಎರಡೆಳೆ ದಾರ.

"ಈಗ ಪವರ್ ಎಷ್ಟಿದೆ?"

ಮೀಟರ್ ಮಂಜುಮಂಜಾಗಿ ಕಂಡಿತು. ದಿನಾ ಹೇಳುವುದೇ ಬಾಯಿಗೆ ಬಂತು. "ಒಂದು ಕಿಲೋವ್ಯಾಟ್ ಸಾರ್, ಅಲ್ಲಾಡ್ತಿಲ್ಲ."

ಆಪರೇಟರ್ ಕೆಮ್ಮಿದಳು.

"ನಿಲ್ಸಿರೋ ರಿಯಾಕ್ಟರಲ್ಲಿ ಒಂದು ಕಿಲೋವ್ಯಾಟಾ?" ಎಂದು ಅವರು ಕೊಳದತ್ತ ನಡೆದರು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ದಾರದಣ್ಣನಿಗೆ ತನ್ನ ಮೇಲೆಯೇ ನಾಚಿಕೆಯಾಯಿತು. ಹುದ್ದೆ ಹೋದರೆ ಹೋಗಲಿ, ಕೊಳದ ವಿಷಯದಲ್ಲಿ ಸುಳ್ಳು ಬೇಡ ಅನಿಸಿತು.

"ಸಾರ್, ನನ್ನ ಕನ್ನಡಕ ಒಳಗೆ ಬಿದ್ದಿದೆ. ತೆಗೆಯೋವರೆಗೂ ರಿಯಾಕ್ಟರ್ ಶುರು ಮಾಡೋ ಹಾಗಿಲ್ಲ."

ಅವರು ಬೆನ್ನು ತಟ್ಟಿದರು. "ಶಭಾಷ್. ತಪ್ಪು ಒಪ್ಕೊಳ್ಳೋರೇ ಮುಖ್ಯಸ್ಥರಾಗ್ಬೇಕು."

ದಾರದಣ್ಣ ಒಂದು ಗೇಣು ಎತ್ತರವಾದ. ಆಪರೇಟರ್ ಉದ್ದ ಕೋಲಿನ ಕೊಕ್ಕೆ ಇಳಿಸಿ, ಪೈಪಿನ ಸಂದಿಯಿಂದ ಕನ್ನಡಕವೊಂದನ್ನು ಎತ್ತಿದಳು. ತೊಳೆದು, ವಿಕಿರಣದ ಮೀಟರ್ ಹಿಡಿದು ನೋಡಿ, ಏನೂ ಇಲ್ಲವೆಂದು ಕೊಟ್ಟಳು. ದಾರದಣ್ಣ ಹಾಕಿಕೊಂಡರೆ ಕಂಬಗಳೆಲ್ಲ ಕುಣಿದವು.

"ಇದು ನಂದಲ್ಲ."

ತಪಾಸಣಾಧಿಕಾರಿ ಬಗ್ಗಿ ನೋಡಿದರು. "ಅರೆ, ಹೋದ ವರ್ಷ ಕಳೆದ್ಹೋದ ನನ್ನ ಕನ್ನಡಕ! ಇಲ್ಲೇ ಬಿದ್ದಿತ್ತಾ ಇದು..." ಎಂದವರು ನಾಲಿಗೆ ಕಚ್ಚಿಕೊಂಡರು.

ಆಪರೇಟರ್ ಮತ್ತೆ ಕೆಮ್ಮಿದಳು. ಅವರು ಕೆಂಪಗಾಗಿ ಕನ್ನಡಕವನ್ನು ಜೇಬಿಗಿಳಿಸಿದರು.

"ವರ್ಷದಿಂದ ಕೊಳದಲ್ಲಿ ಕನ್ನಡಕ ಬಿದ್ದಿದೆ, ನಿಮ್ಗೆ ಕಂಡಿಲ್ಲ. ಇಂಥವ್ರನ್ನ ಮುಖ್ಯಸ್ಥ ಮಾಡೋದು ಹೇಗ್ರಿ?"

ಹೊರಡುವಾಗ ಮನಸ್ಸು ಚುರುಕ್ಕೆಂದಿರಬೇಕು. ತಮ್ಮ ಎರಡೆಳೆಯಲ್ಲಿ ಒಂದು ದಾರ ಬಿಚ್ಚಿ ದಾರದಣ್ಣನ ಅಂಗೈಯಲ್ಲಿಟ್ಟು, "ಕಟ್ಕೊಳ್ಳಿ," ಎಂದರು.

ಕಟ್ಟಬೇಕಾದ ಕನ್ನಡಕ ಇನ್ನೂ ನೀರಿನಲ್ಲೇ ಇತ್ತು.