ನೆತ್ತಿಯ ಮೇಲೆ ನಲವತ್ತು ಕ್ಲಿಪ್ಪು

ಮಾತು ಕೊಟ್ಟರೆ ಮುಗಿಯಿತು, ಹಿಯಾಮಾ ವಂಶದ ಗಂಡಸು ಹಿಂದೆಗೆಯುವವನಲ್ಲ! "ಭಾನುವಾರ ಹರಾಜುಕುಗೆ ನಾನೂ ಬರ್ತೀನಿ. ನಿನ್ನ ಹಾಗೇ ಸಿಂಗಾರ ಮಾಡ್ಕೊಂಡು!" ಎಂದು ಮಗಳು ಚಿನತ್ಸುಗೆ ಘೋಷಿಸಿಬಿಟ್ಟೆ. ಆ ಭಾನುವಾರ ಅವಳಿಗೆ ಹದಿನಾರು ತುಂಬುತ್ತಿತ್ತು. ಬೇಡಿದ ಉಡುಗೊರೆ ಅದೊಂದೇ.

ಅವಳದು ಡೆಕೋರಾ ಶೋಕಿ. ತಲೆ ತುಂಬ ಬಣ್ಣದ ಕ್ಲಿಪ್ಪು, ಕೊರಳ ತುಂಬ ಪ್ಲಾಸ್ಟಿಕ್ ಸರ, ಒಂದರ ಮೇಲೊಂದು ಮೂರು ಜೊತೆ ಕಾಲುಚೀಲ! ಭಾನುವಾರ ಬಂತೆಂದರೆ ಹರಾಜುಕು ಬೀದಿಯಲ್ಲಿ ಇಂಥ ವೇಷದವರದೇ ಜಾತ್ರೆ.

ಅದೇ ಭಾನುವಾರ ಒಸಾಕಾದ ಗಿರಾಕಿಗೆ ಊರು ತೋರಿಸುವ ಕೆಲಸವನ್ನು ನಮ್ಮ ಮೇಲಧಿಕಾರಿ ಕುಸಕಾಬೆಯವರು ನನಗೆ ಅಂಟಿಸಿದ್ದರು. ಫೋನಿನಲ್ಲಿ ಚೆನ್ನಾಗಿ ಕೆಮ್ಮಿ, ಜ್ವರ ಎಂದೆ.

"ಆಫೀಸಿನವ್ರು ಯಾರಾದ್ರೂ ನೋಡಿದ್ರೆ?" ಎಂದಳು ಹೆಂಡತಿ ಫುಮಿಯೆ.

"ಈ ವೇಷದಲ್ಲಿ ಹೆತ್ತಮ್ಮನೂ ನನ್ನ ಗುರುತು ಹಿಡಿಯಲ್ಲ ಕಣೇ!"

"ಅದಿರ್ಲಿ. ಕ್ಲಿಪ್ ಸಿಕ್ಕಿಸೋಕೆ ಕೂದಲೆಲ್ಲಿದೆ ರೀ?"

ಚಿನತ್ಸು ಧೃತಿಗೆಡಲಿಲ್ಲ. ಬಲಗಿವಿಯ ಪಕ್ಕದ ಕೂದಲನ್ನು ಎಡಗಿವಿಯವರೆಗೆ ಎಳೆದು, ಬೋಳುನೆತ್ತಿಯ ಮೇಲೆ ಸೇತುವೆ ಕಟ್ಟಿ, ನಲವತ್ತು ಕ್ಲಿಪ್ಪು ಹೊಡೆದಳು. ನಕ್ಷತ್ರದ ಕನ್ನಡಕ, ಗುಲಾಬಿ ಮಾಸ್ಕು ಬೇರೆ. ನಡೆದರೆ ಗಲಗಲ, ನಿಂತರೆ ಕಿಣಿಕಿಣಿ!

ಹರಾಜುಕುವಿನಲ್ಲಿ ಅವಳ ಗೆಳತಿಯರು "ಅಂಕಲ್ ಸೂಪರ್!" ಎಂದು ಚಪ್ಪಾಳೆ ಹೊಡೆದರು. ಮಗಳು ನನ್ನ ತೋಳು ಹಿಡಿದು ಬೀಗಿದಳು. ಸುಳ್ಳೇಕೆ, ನನಗೆ ಕಣ್ಣು ತುಂಬಿತು.

ಅಷ್ಟರಲ್ಲಿ ಹಿಂದಿನಿಂದ ಪರಿಚಿತ ದನಿ. "ಕ್ಷಮಿಸಿ, ನಮ್ಮ ಅತಿಥಿಗಳಿಗೆ ನಿಮ್ಮ ಜೊತೆ ಒಂದು ಫೋಟೋ ಬೇಕಂತೆ."

ಕುಸಕಾಬೆಯವರು! ಪಕ್ಕದಲ್ಲಿ ಒಸಾಕಾ ಗಿರಾಕಿ! ನನಗೆ ನಿಜವಾಗಿಯೂ ಜ್ವರ ಬಂತು. ಆದರೂ ಉಸಿರೆತ್ತದೆ ನಿಂತೆ. ಫೋಟೋ ಮುಗಿಯಿತು. ಅವರಿಗೆ ಏನೂ ತಿಳಿಯಲಿಲ್ಲ. ಗೆದ್ದೆ!

"ತುಂಬಾ ಉಪಕಾರವಾಯ್ತು" ಎಂದು ಕುಸಕಾಬೆಯವರು ತಲೆಬಾಗಿದರು.

ಅವರು ಬಾಗಿದರೆ ನಾನು ನೆಟ್ಟಗೆ ನಿಲ್ಲುವುದುಂಟೇ? ನನ್ನ ಬೆನ್ನು ನನ್ನನ್ನು ಕೇಳಲೇ ಇಲ್ಲ. ಸೊಂಟದಿಂದ ಬಾಗಿಯೇಬಿಟ್ಟಿತು! ಸೇತುವೆ ಕುಸಿಯಿತು. ಸ್ಟ್ರಾಬೆರಿ, ಮೊಲ, ಕಾಮನಬಿಲ್ಲು ಎಲ್ಲ ಅವರ ಬೂಟಿನ ಮೇಲೆ ಪಟಪಟ ಉದುರಿದವು.

"ಅಪ್ಪಾ, ನೆಟ್ಟಗೆ ನಿಲ್ಲಪ್ಪಾ!" ಎಂದು ಚಿನತ್ಸು ಕಿರುಚಿದಳು.

ಕುಸಕಾಬೆಯವರು ಮೆಲ್ಲಗೆ ಕೇಳಿದರು, "ಹಿಯಾಮಾ, ಜ್ವರ ಹೇಗಿದೆ?"

"ಸಾರ್... ಗುರುತು ಹೇಗೆ ಸಿಕ್ತು?" ಎಂದೆ, ಬಾಗಿದಲ್ಲಿಂದಲೇ.

"ಮುಖ ನೋಡಿ ಗೊತ್ತಾಗ್ಲಿಲ್ಲಪ್ಪ. ಹನ್ನೆರಡು ವರ್ಷದಲ್ಲಿ ನೀನು ನನ್ನೆದುರು ತಲೆ ಎತ್ತಿದ್ದು ಯಾವಾಗ? ನನಗೆ ಪರಿಚಯ ಇರೋದು ಈ ನೆತ್ತಿ ಒಂದೇ!"