ಹೊಟ್ಟೆಯ ತೊಗಲಿಗೆ ತೆರಿಗೆ ವಿನಾಯಿತಿ

"ಇವತ್ತು ತೆರಿಗೆ ಆಫೀಸಿನವರಿಗೆ ಮಣ್ಣು ಮುಕ್ಕಿಸದೆ ಬಂದ್ರೆ ನಾನು ಹೇಫೆಲೆ ವಂಶದವನೇ ಅಲ್ಲ!" ಎಂದು ಗೆಬ್‌ಹಾರ್ಟ್ ಹೇಫೆಲೆ ಕಾಫಿ ಲೋಟದ ಮುಂದೆ ಘೋಷಿಸಿದ.

ಹೆಂಡತಿ ರೋಸ್ವಿತಾ ಬ್ರೆಡ್ಡಿಗೆ ಬೆಣ್ಣೆ ಸವರುವುದನ್ನು ನಿಲ್ಲಿಸಲಿಲ್ಲ. "ಅದಕ್ಕೂ ಮುಂಚೆ ಕಟ್ಟಡದ ಮೆಟ್ಟಿಲು ಗುಡಿಸು. ಈ ವಾರ ನಮ್ಮ ಸರದಿ," ಎಂದಳು.

ಗೆಬ್‌ಹಾರ್ಟ್ ಟ್ಯೂಬಿಂಗೆನ್ ಪಕ್ಕದ ಊರಿನಲ್ಲಿ ಹೆಸರುವಾಸಿ ಬೇಕರಿಯವನು. ತಾನು ಬೇಯಿಸಿದ್ದರ ರುಚಿ ನೋಡುವ ಕರ್ತವ್ಯಕ್ಕೆ ಒಂದು ದಿನವೂ ರಜೆ ಹಾಕಿದವನಲ್ಲ. ಹೀಗೆ ನೋಡಿ ನೋಡಿ, ಒಂದು ಬೆಳಿಗ್ಗೆ ಒಲೆಗೂ ಹಿಟ್ಟಿನ ಮೇಜಿಗೂ ನಡುವೆ ಸಿಕ್ಕಿಹಾಕಿಕೊಂಡ. ಬಿಡಿಸಲು ಮೂವರು ಗಿರಾಕಿಗಳು ಒಳಗೆ ಬರಬೇಕಾಯಿತು. ಅಂದೇ ಶಪಥ ಮಾಡಿದ. ಎರಡು ವರ್ಷದಲ್ಲಿ ಅರ್ಧ ಗೆಬ್‌ಹಾರ್ಟ್ ಕರಗಿಹೋದ!

ಆದರೆ ಈ ಸುದ್ದಿಯನ್ನು ತೊಗಲಿಗೆ ಯಾರೂ ಮುಟ್ಟಿಸಿರಲಿಲ್ಲ. ಅದು ಹಳೆಯ ಅಳತೆಯಲ್ಲೇ ಉಳಿದು, ಏಪ್ರನ್ನಿನ ಕೆಳಗೆ ಇನ್ನೊಂದು ಏಪ್ರನ್ನಿನಂತೆ ಜೋತುಬಿತ್ತು. ಮಡಿಕೆಯೊಳಗೆ ಬೆವರು, ತುರಿಕೆ, ಹುಣ್ಣು. ಕೊನೆಗೆ ಪ್ಲಾಸ್ಟಿಕ್ ಸರ್ಜರಿ ಡಾಕ್ಟರು ಹೆಚ್ಚುವರಿ ಭಾಗವನ್ನು ಕತ್ತರಿಸಿ ಹೊಲಿದರು. ವಿಮೆಯವರು ಕೈ ಎತ್ತಿಬಿಟ್ಟರು. ಗೆಬ್‌ಹಾರ್ಟ್ ಬಿಲ್ಲನ್ನು ಹಾಗೇ ತೆರಿಗೆ ಲೆಕ್ಕಕ್ಕೆ ಸೇರಿಸಿ ವಿನಾಯಿತಿ ಕೇಳಿದ. "ಇದು ಅಂದಕ್ಕಾಗಿ ಮಾಡಿಸಿಕೊಂಡದ್ದು, ವಿನಾಯಿತಿ ಇಲ್ಲ" ಎಂದು ಉತ್ತರ ಬಂತು. ಆತ ಆಕ್ಷೇಪಣೆ ಹಾಕಿದ. ಇವತ್ತು ಅದರ ವಿಚಾರಣೆ, ಹೆಂಡತಿಯೇ ಸಾಕ್ಷಿ.

ಇಲ್ಲೊಂದು ವಿಷಯ ಹೇಳಬೇಕು. ಈ ಶ್ವಾಬ್ ಸೀಮೆಯಲ್ಲಿ ಯಾರೂ ಯಾರನ್ನೂ ಹೊಗಳುವುದಿಲ್ಲ. ಉಂಡವರು ಮಾತಾಡದೆ ಎದ್ದು ಹೋದರೆ ಅಡುಗೆ ಮಾಡಿದವರು ಸಂತೋಷಪಡಬೇಕು. ತೀರಾ ತಡೆಯಲಾಗದಿದ್ದರೆ ಮಾತ್ರ ಬಾಯಿಂದ ಹೊರಡುವ ಬಿರುದು, "ಪರವಾಗಿಲ್ಲ." ರೋಸ್ವಿತಾ ಇಷ್ಟು ವರ್ಷದಲ್ಲಿ ಆ ಮಾತನ್ನು ಒಮ್ಮೆ ತನ್ನ ತಾಯಿಯ ಆಲೂಗಡ್ಡೆ ಸಲಾಡಿಗೆ ಹೇಳಿದ್ದಳು, ಇನ್ನೊಮ್ಮೆ ಆಲ್ಪ್ಸ್ ಪರ್ವತಕ್ಕೆ. ಗಂಡನಿಗೆ ಹೇಳಿರಲಿಲ್ಲ. ಅವನು ಅರ್ಧಕ್ಕಿಳಿದು ಎದುರಿಗೆ ನಿಂತಾಗಲೂ "ಪ್ಯಾಂಟೆಲ್ಲ ಚಿಕ್ಕದು ಮಾಡಿಸ್ಬೇಕಲ್ಲ, ದಂಡ" ಎಂದಿದ್ದಳು. ಗೆಬ್‌ಹಾರ್ಟ್‌ಗೆ ಅದು ಒಳಗೊಳಗೇ ಚುಚ್ಚುತ್ತಿತ್ತು.

"ನೋಡು ರೋಸಿ," ಎಂದ ಮೆಟ್ಟಿಲು ಗುಡಿಸಿ ಬಂದು. "ಅಲ್ಲಿ ಕೇಳಿದ್ರೆ ಒಂದೇ ಮಾತು. ಆಪರೇಷನ್ ಆದ್ಮೇಲೂ ಇವನೇನೂ ಚೆಂದ ಕಾಣ್ತಿಲ್ಲ ಅನ್ನು."

"ಅದನ್ನೂ ಹೇಳ್ಕೊಡ್ಬೇಕಾ?"

"ಸ್ವಲ್ಪ ಯೋಚ್ನೆ ಮಾಡೋ ಹಾಗೆ ನಟಿಸ್ಬಾರ್ದಾ?"

"ತೆರಿಗೆ ಆಫೀಸಲ್ಲಿ ನಾಟ್ಕ ಆಡೋಳಲ್ಲ ನಾನು."

ತೆರಿಗೆ ಆಫೀಸಿನ ಅಧಿಕಾರಿ ರಾಪ್ ಎಂಬ ಹೆಂಗಸು ಇದೇ ಸೀಮೆಯವರು. ಡಾಕ್ಟರ ಪತ್ರವನ್ನು ಗಂಭೀರವಾಗಿ ಓದಿದರು. ಹುಣ್ಣಿನ ಫೋಟೋ ನೋಡಿ, ಕೈಯಲ್ಲಿದ್ದ ಅರ್ಧ ತಿಂದ ಪ್ರೆಟ್ಜೆಲ್ ಬ್ರೆಡ್ಡನ್ನು ಡ್ರಾಯರಿನೊಳಗೆ ಇಟ್ಟರು.

"ಇದು ಕಾಯಿಲೆನೇ. ನನಗೇನೂ ತಕರಾರಿಲ್ಲ," ಎಂದು ಪೆನ್ನು ತೆಗೆದರು. ಗೆಬ್‌ಹಾರ್ಟ್‌ನ ಎದೆ ಉಬ್ಬಿತು. ರಾಪ್ ರೋಸ್ವಿತಾಳ ಕಡೆ ತಿರುಗಿದರು. "ಸುಮ್ನೆ ಒಂದು ಮಾತು ಕೇಳ್ಬೇಕು. ಆಪರೇಷನ್ ಆದ್ಮೇಲೆ ಇವರು ನೋಡೋಕೆ ಹೇಗೆ ಕಾಣ್ತಾರೆ?"

ರೋಸ್ವಿತಾ ಗಂಡನನ್ನು ಕಾಲರಿನಿಂದ ಬೆಲ್ಟಿನವರೆಗೆ ನೋಡಿದಳು. ಮತ್ತೆ ಬೆಲ್ಟಿನಿಂದ ಕಾಲರಿನವರೆಗೆ ನೋಡಿದಳು. ಸರ್ಕಾರಿ ಕಚೇರಿಯಲ್ಲಿ ಸುಳ್ಳು ಹೇಳಿದ ಇತಿಹಾಸ ಅವಳ ಮನೆತನದಲ್ಲೇ ಇರಲಿಲ್ಲ.

"ಪರವಾಗಿಲ್ಲ," ಎಂದಳು.

ರಾಪ್ ಅವರ ಪೆನ್ನು ನಿಂತಿತು. ಪಕ್ಕದ ಮೇಜಿನ ಗುಮಾಸ್ತ ಕೂಡುತ್ತಿದ್ದ ಲೆಕ್ಕ ಬಿಟ್ಟು ತಲೆ ಎತ್ತಿದ.

"ಅಷ್ಟೊಂದಾ?" ಎಂದರು ರಾಪ್, ದನಿ ತಗ್ಗಿಸಿ. ಹೊರಗೆ ಹೇಗೇ ಇರಲಿ, ಒಳ್ಳೆಯ ಹೆಂಗಸು. "ಹೋಗ್ಲಿ ಬಿಡಿ, ಇದು ಗಂಡ ಹೆಂಡ್ತಿ ಮಾತು. ನಾನು ಕೇಳಿಸ್ಕೊಂಡಿಲ್ಲ."

ಗೆಬ್‌ಹಾರ್ಟ್ ಆಗ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಿತ್ತು. ಆದರೆ ಅವನು ಎದ್ದು ನಿಂತಿದ್ದ, ಕಣ್ಣುಗಳು ಒದ್ದೆಯಾಗಿದ್ದವು.

"ಕೇಳಿಸ್ಕೊಳ್ಳಿ ಮೇಡಂ! ಬರ್ಕೊಳ್ಳಿ! ದಿನಾಂಕ ಹಾಕಿ!"

"ಬರೆದ್ರೆ ನಿಮ್ಮ ಕೇಸು ಬಿದ್ದೋಗತ್ತೆ ಹೇಫೆಲೆ ಅವರೇ."

"ಬೀಳ್ಲಿ! ಪಕ್ಕದಿಂದ ನೋಡಿ, ಪಕ್ಕದಿಂದ ಇನ್ನೂ ಚೆನ್ನಾಗಿದೆ!" ಎಂದು ಅಂಗಿಯನ್ನು ಬಿಗಿಹಿಡಿದು ಅತ್ತ ಒಮ್ಮೆ ಇತ್ತ ಒಮ್ಮೆ ತಿರುಗಿದ. "ತುರಿಕೆ ಏನೋ ಇತ್ತು, ಇಲ್ಲ ಅನ್ನಲ್ಲ. ಆದ್ರೆ ನಿಜ ಹೇಳ್ತೀನಿ, ಇವಳ ಕಣ್ಣಿಗೆ ಚೆಂದ ಕಾಣ್ಬೇಕು ಅಂತ್ಲೇ ಕೊಯ್ಸಿಕೊಂಡಿದ್ದು!"

ರೋಸ್ವಿತಾಳ ಕಿವಿ ಕೆಂಪಾಯಿತು. "ಕೂತ್ಕೋ, ಅಂಗಿ ಸುಕ್ಕಾಗತ್ತೆ," ಎಂದಳು.

ರಾಪ್ ನಿಟ್ಟುಸಿರು ಬಿಟ್ಟು ಎಲ್ಲವನ್ನೂ ಬರೆದುಕೊಂಡರು. "ಸೀಲು?" ಎಂದು ಗೆಬ್‌ಹಾರ್ಟ್ ನೆನಪಿಸಿದ. ಸೀಲನ್ನೂ ಒತ್ತಿದರು.

ಆಕ್ಷೇಪಣೆ ವಜಾ ಆದ ಆದೇಶ ಬೇಗನೆ ಬಂತು. "ಅರ್ಜಿದಾರರ ರೂಪವು ಗಣನೀಯವಾಗಿ ಸುಧಾರಿಸಿರುವುದು ಪತ್ನಿಯ ಹೇಳಿಕೆಯಿಂದ ಸಾಬೀತಾಗಿದೆ" ಎಂಬ ಸಾಲು ಅದರಲ್ಲಿತ್ತು. ಗೆಬ್‌ಹಾರ್ಟ್ ಅದಕ್ಕೆ ಚೌಕಟ್ಟು ಹಾಕಿಸಿ, ಬೇಕರಿಯಲ್ಲಿ ತನ್ನ ಕಸುಬಿನ ಸರ್ಟಿಫಿಕೇಟಿನ ಪಕ್ಕ, ಅದಕ್ಕಿಂತ ಒಂದು ಗೇಣು ಮೇಲೆ ತೂಗುಹಾಕಿದ. ವಿನಾಯಿತಿಯ ದುಡ್ಡಿನಲ್ಲಿ ಹೊಸ ಒಲೆ ಕೊಳ್ಳುವ ಆಸೆಯನ್ನು ಮುಂದಿನ ವರ್ಷಕ್ಕೆ ತಳ್ಳಬೇಕಾಯಿತು.

ಅಂದು ಸಂಜೆ ಗಲ್ಲಾಪೆಟ್ಟಿಗೆಯ ಹತ್ತಿರ ಹೋಗಿ ನಿಂತ. ಹೊಟ್ಟೆ ಒಳಗೆಳೆದುಕೊಂಡ.

"ರೋಸಿ, ಅವತ್ತು ಆಫೀಸಲ್ಲಿ ಹೇಳಿದ್ಯಲ್ಲ... ಇಲ್ಲಿ ಯಾರೂ ಇಲ್ಲ. ಇನ್ನೊಂದ್ಸಲ ಹೇಳು."

ರೋಸ್ವಿತಾ ಚಿಲ್ಲರೆ ಎಣಿಸುತ್ತಲೇ ಕೇಳಿಸಿಕೊಂಡಳು.

"ಒಂದ್ಸಲ ಹೇಳಿದ್ದಕ್ಕೇ ಒಂದು ಒಲೆ ಹೋಯ್ತು. ಇನ್ನೊಂದ್ಸಲ ಹೇಳೋಷ್ಟು ಅನುಕೂಲ ನಮಗೆಲ್ಲಿದೆ? ಪೊರಕೆ ತಗೋ, ಈ ವಾರ ಮತ್ತೆ ನಮ್ಮ ಸರದಿ."